ಬ್ಯಾರನ್ ರಿವೆಟ್‌ನ ಬೆನ್ನಿನ ಕದ

ಡಾಗ್ನಿ ಹೋವ್ಲಂಡ್ ಮಾತು ಕಲಿಯುವ ಮೊದಲೇ ಚಿತ್ರ ಬರೆಯುವುದನ್ನು ಕಲಿತಳು ಎಂದು ಬ್ರೂಕ್ಲಿನ್ನಿನ ಎಂಟನೇ ಅವೆನ್ಯೂದ ನಾರ್ವೆ ಹೆಂಗಸರು ಈಗಲೂ ಹೇಳುತ್ತಾರೆ. ಶುದ್ಧ ಸುಳ್ಳು. ಮಾತು ಅವಳಿಗೆ ಎಲ್ಲರಿಗೂ ಬರುವ ವಯಸ್ಸಿಗೇ ಬಂದಿತ್ತು. ಆ ಮನೆಯಲ್ಲಿ ಅದರಿಂದ ಪ್ರಯೋಜನವಿರಲಿಲ್ಲ, ಅಷ್ಟೆ.

ಅವಳ ಅಪ್ಪ ಸಿಗ್ವರ್ಟ್ ಹಡಗುಕಟ್ಟೆಯಲ್ಲಿ ಬಾಯ್ಲರ್ ಕಟ್ಟುವವನು. ಹೊರಗಿನಿಂದ ಒಬ್ಬ ತಗಡು ಜೋಡಿಸುವ ಮೊಳೆಯಾದ ರಿವೆಟ್ಟನ್ನು ಕೆಂಪಗೆ ಕಾಯಿಸಿ ಅದರ ಮೇಲೆ ಸುತ್ತಿಗೆ ಬಡಿಯುತ್ತಿದ್ದರೆ ಒಳಗಿನಿಂದ ಇನ್ನೊಬ್ಬ ಕಬ್ಬಿಣದ ತುಂಡು ಒತ್ತಿ ಹಿಡಿದಿರಬೇಕು. ಸಿಗ್ವರ್ಟ್ ನಲವತ್ತು ವರ್ಷ ಒಳಗಿನವನಾಗಿದ್ದ. ಕಬ್ಬಿಣದ ಡಬ್ಬದೊಳಗೆ ಕೂತು ವರ್ಷಗಟ್ಟಲೆ ಸುತ್ತಿಗೆ ಏಟು ಕೇಳಿದವನ ಕಿವಿ ಏನಾಗುತ್ತದೋ ಅದೇ ಆಯಿತು. ಡಾಗ್ನಿ ಹುಟ್ಟುವ ಹೊತ್ತಿಗಾಗಲೇ ಅವನಿಗೆ ಪಕ್ಕದಲ್ಲಿ ಪಾತ್ರೆ ಬಿದ್ದರೂ ಕೇಳುತ್ತಿರಲಿಲ್ಲ. ತನ್ನ ದನಿಯೂ ಕೇಳದ ಕಾರಣ ಅವನು ಆಡಿದ್ದೆಲ್ಲ ಕೂಗು. ಉಪ್ಪು ಕೊಡು ಎಂದರೆ ಕೆಳಗಿನ ಮನೆಯವರು ಉಪ್ಪಿನ ಡಬ್ಬಿಗೆ ಕೈ ಹಾಕುತ್ತಿದ್ದರು.

ಅವನನ್ನು ಕರೆಯಬೇಕೆಂದರೆ ಮೇಜಿನ ಮೇಲೆ ಬೆರಳ ಗಂಟಿನಿಂದ ಮೂರು ಸಲ ಕುಟ್ಟಬೇಕು. ಮರದ ಅದುರು ಅವನ ಮೊಣಕೈಗೆ ಮುಟ್ಟುತ್ತಿತ್ತು. ಅದು ಬಾಯ್ಲರಿನವರದೇ ಪದ್ಧತಿ. ಒಳಗಿರುವವನು ಮೂರು ಸಲ ಕುಟ್ಟಿದರೆ ಹೊರಗಿನವನು ಬಾಯ್ಲರಿನ ಬೆನ್ನಿನ ಕದ ತೆಗೆಯಬೇಕು. ಅವನು ತಿರುಗಿ ನೋಡಿದ ಮೇಲೆ ಡಾಗ್ನಿ ಮಾಂಸದಂಗಡಿಯ ಕಾಗದದ ಮೇಲೆ ಹೇಳಬೇಕಾದ್ದನ್ನು ಬರೆದು ತೋರಿಸುತ್ತಿದ್ದಳು. ಹಾಲು ಒಡೆದು ಹೋಯಿತು, ಒಂದು ಚಿತ್ರ. ಶಾಲೆಯಲ್ಲಿ ಯಾರೋ ಜಡೆ ಎಳೆದರು, ಇವಳು ತಿರುಗಿ ಬಾರಿಸಿದಳು, ಟೀಚರು ಇವಳನ್ನೇ ನಿಲ್ಲಿಸಿದರು, ಆರು ಚಿತ್ರ. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಅಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡದ್ದನ್ನೂ ಹಾಗೆಯೇ ತಿಳಿಸಬೇಕಾಯಿತು. ಆ ಚಿತ್ರವನ್ನು ಅವನು ಯಾರಿಗೂ ತೋರಿಸಲಿಲ್ಲ, ಹರಿಯಲೂ ಇಲ್ಲ.

ಇಂಥವಳು ಬೆಳೆದು ದೊಡ್ಡವಳಾಗಿ ಕಾಮಿಕ್ಸ್ ಪುಸ್ತಕದ ಕಚೇರಿ ಸೇರಿದಳೆಂದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಸೇರಿದ್ದು ಚಿತ್ರ ಬರೆಯಲು ಅಲ್ಲ ಎನ್ನುವುದೇ ಹೊಟ್ಟೆ ಉರಿಸುವ ಮಾತು. ಸಂಪಾದಕ ಮಿಲ್ಟನ್ ಗರ್ಫೀನ್ ಅವಳು ತಂದ ಚಿತ್ರಗಳ ಕಟ್ಟನ್ನು ಬಿಚ್ಚಲೇ ಇಲ್ಲ. ಕೈಗೊಂದು ಬಿಳಿ ಬಣ್ಣದ ಕುಪ್ಪಿಯನ್ನೂ ಸಣ್ಣ ಕುಂಚವನ್ನೂ ಕೊಟ್ಟು ಕಿಟಕಿಯಿಲ್ಲದ ಮೂಲೆಗೆ ಕಳಿಸಿದ. ಚಿತ್ರಗಾರರು ಬರೆದು ಮುಗಿಸಿದ ಪುಟಗಳು ಅಚ್ಚಿಗೆ ಹೋಗುವ ಮೊದಲು ಅವಳ ಮೇಜಿಗೆ ಬರುತ್ತಿದ್ದವು. ಆರನೇ ಬೆರಳು ಬಂದಿದ್ದರೆ ಅಳಿಸು, ಮರೆತ ಗುಂಡಿ ಸೇರಿಸು, ಮಸಿ ಚೆಲ್ಲಿದ್ದರೆ ಬಿಳಿ ಬಳಿ. ಮೊದಲ ಪುಟದ ಚೌಕದಲ್ಲಿ ಕಥೆ ಯಾರದು, ಚಿತ್ರ ಯಾರದು, ಅಕ್ಷರ ಯಾರದು ಎಂದೆಲ್ಲ ಹೆಸರಿರುತ್ತಿತ್ತು. ಬಿಳಿ ಬಳಿಯುವವರ ಹೆಸರು ಯಾವ ಕಂಪನಿಯಲ್ಲೂ ಹಾಕುತ್ತಿರಲಿಲ್ಲ.

ಪಕ್ಕದ ಮೇಜಿನಲ್ಲಿ ಬೆನ್ನೊ ಜುಕರ್ ಕೂರುತ್ತಿದ್ದ. ಮಾತಿನ ಗುಳ್ಳೆಗಳೊಳಗೆ ಅಕ್ಷರ ಬರೆಯುವ ಮುದುಕ. ಮಧ್ಯಾಹ್ನ ಹೆರಿಂಗ್ ಮೀನಿನ ಸ್ಯಾಂಡ್‌ವಿಚ್ ತಿಂದು ಅದೇ ಕೈಯಲ್ಲಿ ಬರೆದರೂ ಒಂದು ಚುಕ್ಕೆ ಕಲೆ ಮಾಡದವನು.

"ಏನಮ್ಮ ತಾಯಿ, ಇವತ್ತು ಎಷ್ಟು ಜನರ ಪಾಪ ತೊಳ್ದೆ?" ಎಂದು ಅವನು ದಿನಾ ಕೇಳುತ್ತಿದ್ದ.

"ನಿನ್ನದನ್ನ ಬಿಟ್ಟು ಎಲ್ಲರದ್ದೂ. ನಿನ್ನದಕ್ಕೆ ಈ ಕುಪ್ಪಿ ಸಾಲಲ್ಲ," ಎನ್ನುತ್ತಿದ್ದಳು ಡಾಗ್ನಿ.

ಕಂಪನಿಯ ಅನ್ನದಾತ 'ಸ್ಕೈವಾರ್ಡನ್'. ಹಾರುವ, ಬೆಟ್ಟ ಎತ್ತುವ, ಹಲ್ಲು ಬಿಟ್ಟು ನಗುವ ಮಹಾವೀರ. ಅವನ ಎದುರಾಳಿ ಬ್ಯಾರನ್ ರಿವೆಟ್. ಇವನಿಗೆ ಹುಟ್ಟಿನಿಂದ ಬಂದ ಶಕ್ತಿ ಒಂದೂ ಇಲ್ಲ. ತಾನೇ ಬಡಿದು ಮಾಡಿಕೊಂಡ ಉಕ್ಕಿನ ಕವಚ, ಅದರೊಳಗೊಂದು ಯಂತ್ರ, ಅದರೊಳಗೆ ಸಿಟ್ಟು ತುಂಬಿಕೊಂಡ ಒಬ್ಬ ನರಮನುಷ್ಯ. ಚಿತ್ರಗಾರ ರೋಕೊ ಟೆಸ್ಟಾ ಒಳ್ಳೆಯವನು, ಆದರೆ ಮೈಗಳ್ಳ. ಒಂದು ಪುಟದಲ್ಲಿ ಭುಜಕ್ಕೆ ಎಂಟು ರಿವೆಟ್, ಮುಂದಿನ ಪುಟದಲ್ಲಿ ಹದಿನಾಲ್ಕು. ಆಮೇಲೆ ಅದೂ ಬೇಜಾರಾಗಿ ಕವಚದ ಹೊರಗೆರೆ ಮಾತ್ರ ಎಳೆದು, "ಡಾಗ್ನಿ, ತುಂಬ್ಸು" ಎಂದು ಅಂಚಿನಲ್ಲಿ ಬರೆದು ಕಳಿಸತೊಡಗಿದ.

ಡಾಗ್ನಿ ತುಂಬಿಸಿದಳು. ತಗಡಿನ ಮೇಲೆ ತಗಡು ಎಲ್ಲಿ ಕೂರಬೇಕು, ಮೊಣಕೈ ಮಡಚಿದರೆ ಯಾವುದು ಯಾವುದರ ಅಡಿಗೆ ಸರಿಯಬೇಕು ಎಂಬುದು ಅವಳಿಗೆ ಊಟದ ಮೇಜಿನಲ್ಲೇ ಬಂದ ವಿದ್ಯೆ. ಭುಜಕ್ಕೆ ಹನ್ನೊಂದು ರಿವೆಟ್ ಎಂದು ಗೊತ್ತುಮಾಡಿ ಗೋಡೆಗೆ ನಕ್ಷೆ ಅಂಟಿಸಿದಳು. ಅದರ ಒಂದು ಪ್ರತಿ ಮನೆಗೆ ಒಯ್ದಾಗ ಅಪ್ಪ ಕನ್ನಡಕ ಏರಿಸಿ ಹತ್ತು ನಿಮಿಷ ನೋಡಿದ.

"ಇವನು ಒಳಗೆ ಹೋಗೋದು ಎಲ್ಲಿಂದ?" ಎಂದು ಕೂಗಿದ. "ಬಾಗಿಲೇ ಇಲ್ವಲ್ಲೇ! ಇವನೇನು ಡಬ್ಬಿಯೊಳಗಿನ ಸಾರ್ಡೀನ್ ಮೀನಾ?"

ಡಾಗ್ನಿ ಬೆನ್ನಿಗೆ ಮೊಟ್ಟೆಯಾಕಾರದ ಒಂದು ಕದ ಬರೆದಳು, ಬಾಯ್ಲರಿಗೆ ಇರುವಂಥದ್ದೇ. ಹೊರಗಡೆ ಚಿಲಕ ಇಟ್ಟಳು. ಸಿಗ್ವರ್ಟ್ ಅವಳ ಕೈಯಿಂದ ಪೆನ್ಸಿಲ್ ಕಿತ್ತುಕೊಂಡ.

"ಚಿಲಕ ಒಳಗಿರ್ಬೇಕು. ಮೂವತ್ತೊಂಬತ್ತನೇ ಇಸವೀಲಿ ಒಬ್ಬ ದಡ್ಡ ನಾನು ಒಳಗಿರೋವಾಗ್ಲೇ ಕದ ಹಾಕಿ ಊಟಕ್ಕೆ ಹೋದ. ಮೂರು ಸಲ ಕುಟ್ದೆ. ಮೂವತ್ತು ಸಲ ಕುಟ್ದೆ. ಆಚೆ ಇಡೀ ಹಡಗುಕಟ್ಟೆನೇ ಕುಟ್ತಾ ಇತ್ತು, ನನ್ನ ಕುಟ್ಟು ಯಾರಿಗೆ ಕೇಳ್ಬೇಕು? ಕೊನೆಗೆ ಯಾರೋ ಸಿಗರೇಟು ಹಚ್ಚೋಕೆ ಅಂತ ಬಾಯ್ಲರಿಗೆ ಒರಗಿದಾಗ ಬೆನ್ನಿಗೆ ಅದುರು ಬಡೀತಂತೆ. ಒಂದು ಗಂಟೆ ಮಗಳೇ. ಒಳಗಿದ್ದೋನ ಕೈಗೆ ಚಿಲಕ ಸಿಗ್ಬೇಕು."

ಹೇಳಿ, ತಾನೇ ಚಿಲಕ ಬರೆದ. ವಕ್ರವಾಗಿ ಬರೆದ. ಅಂದಿನಿಂದ ಬ್ಯಾರನ್ ರಿವೆಟ್ ಬೆನ್ನು ತೋರಿಸಿದಾಗಲೆಲ್ಲ ಆ ಕದ ಅಲ್ಲಿರುತ್ತಿತ್ತು. ಒಮ್ಮೆ ಕವಚದ ಒಳನೋಟದ ಒಂದು ಪುಟ ಬಂದಾಗ ಡಾಗ್ನಿ ಚಿಲಕವನ್ನೂ ಸ್ಪಷ್ಟವಾಗಿ ಕಾಣಿಸಿದಳು. ಆ ಕಟ್ಟಡದಲ್ಲಿ ಅವಳದು ಅಂತ ಇದ್ದದ್ದು ಅದೊಂದೇ. ಹೆಸರಿರದಿದ್ದರೇನಂತೆ, ಉಕ್ಕಿನ ಆ ಮನುಷ್ಯ ತಿಂಗಳು ತಿಂಗಳೂ ಎದ್ದು ನಿಲ್ಲುತ್ತಿದ್ದ, ಅವನ ಒಂದೊಂದು ಮೊಳೆಯೂ ಅವಳದು ಎಂಬುದು ಅವಳಿಗೆ ಗೊತ್ತಿತ್ತು.

ಐವತ್ತನೇ ಸಂಚಿಕೆ ಬಂತು. ಗರ್ಫೀನ್ ಎಲ್ಲರನ್ನೂ ಕರೆದ.

"ರಿವೆಟ್ ಸಾಯ್ತಾನೆ," ಎಂದ. "ನಾಯಕನಿಗೆ ಬರೋದಕ್ಕಿಂತ ಓದುಗರ ಕಾಗದ ಇವನಿಗೇ ಜಾಸ್ತಿ ಬರ್ತಿದೆ. ಪುಸ್ತಕದ ಮೇಲೆ ಯಾರ ಹೆಸರಿದೆ? ಸ್ಕೈವಾರ್ಡನ್. ಹಾಗಾದ್ರೆ ಮುಗೀತು. ಸೇತುವೆ ಮೇಲಿಂದ ನದಿಗೆ ಎಸೀತಾನೆ, ಇವನು ತಳ ಸೇರ್ತಾನೆ. ಟೆಸ್ಟಾ, ಹೆಣ ಕಾಣ್ಬೇಕು. ಮುಖವಾಡ ಒಡೆದು ಮುಖ ಕಾಣ್ಬೇಕು, ಕೈ ಕಾಣ್ಬೇಕು. ಹೆಣ ತೋರಿಸ್ದೆ ಇದ್ರೆ ಮುಂದಿನ ತಿಂಗಳು ವಾಪಸ್ ಬರ್ತಾನೆ ಅಂತ ಹಾಲುಗಲ್ಲದ ಮಕ್ಕಳಿಗೂ ಗೊತ್ತು."

ಅದು ಈ ಕಸುಬಿನಲ್ಲಿ ಎಲ್ಲರೂ ಒಪ್ಪಿದ ಕಟ್ಟಳೆ. ಬೆಂಕಿಗೆ ಬೀಳಲಿ, ಬೆಟ್ಟದಿಂದ ಉರುಳಲಿ, ಹೆಣ ಕಾಣುವವರೆಗೂ ಯಾರೂ ಸತ್ತಂತಲ್ಲ. ಕಂಡರೆ ಸತ್ತ ಹಾಗೆಯೇ, ಆಮೇಲೆ ಎಬ್ಬಿಸಿದರೆ ಓದುಗರು ಉಗಿಯುತ್ತಾರೆ.

ಡಾಗ್ನಿ ಮೂಲೆಯಿಂದ ಎದ್ದಳು. "ಮಿಸ್ಟರ್ ಗರ್ಫೀನ್, ಅವನು ಹಾಗೆ ಸಾಯಲ್ಲ. ಅವನ ಬೆನ್ನಿಗೆ..."

"ನಿನ್ನ ಕೆಲಸ ಏನು?"

"ತಿದ್ದೋದು."

"ಹಾಗಾದ್ರೆ ತಿದ್ದೋಕೆ ಏನಾದ್ರೂ ಬಂದಾಗ ಕರೀತೀನಿ. ಕೂತ್ಕೋ."

ರೋಕೊ ನೆಲ ನೋಡಿದ. ಬೆನ್ನೊ ಕೆಮ್ಮಿದ. ಡಾಗ್ನಿ ಕೂತಳು. ಕಿವಿ ಕೆಂಪಗಾಗಿತ್ತು.

ಗುರುವಾರ ಸಂಜೆ ಊಟಕ್ಕೆ ಮೀನಿನ ಉಂಡೆ, ಆಲೂಗಡ್ಡೆ. ಹಡಗುಕಟ್ಟೆ ಮುಚ್ಚಿ ವರ್ಷವಾಗಿತ್ತು, ಮನೆಯಲ್ಲಿ ಕೂತ ಸಿಗ್ವರ್ಟನಿಗೆ ಮಗಳ ಕಚೇರಿಯ ಸುದ್ದಿಯೇ ದಿನದ ಪತ್ರಿಕೆ. ಅವಳು ಮೂರು ಸಲ ಕುಟ್ಟಿ, ಕಾಗದ ತೆಗೆದು ಬರೆದಳು. ಸೇತುವೆ, ನದಿ, ತಳದ ಕೆಸರಲ್ಲಿ ಪಕ್ಕಕ್ಕೆ ಮಗ್ಗುಲಾಗಿ ಬಿದ್ದ ಕವಚ, ಒಡೆದ ಮುಖವಾಡದಲ್ಲಿ ಸತ್ತ ಮುಖ.

ಸಿಗ್ವರ್ಟ್ ಬಾಯಲ್ಲಿದ್ದದ್ದನ್ನು ನುಂಗಿ, ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದ.

"ಯಾಕೆ ಸತ್ತ?"

ಡಾಗ್ನಿ ನೀರಿನ ಅಲೆಗಳನ್ನು ತೋರಿಸಿದಳು.

"ಅದು ಕಾಣ್ಸುತ್ತೆ. ಚಿಲಕ ಯಾಕೆ ತೆಗೀಲಿಲ್ಲ? ನೀರೊಳಗೆ ಕದ ಮೊದ್ಲು ಅಲ್ಲಾಡಲ್ಲ, ಸರಿ. ಹೊರಗಿನ ನೀರು ಒತ್ತುತ್ತೆ. ಒಳಗೆ ನೀರು ತುಂಬೋಗಂಟ ಕಾಯ್ಬೇಕು. ಗದ್ದದವರೆಗೂ, ಮೂಗಿನವರೆಗೂ. ಧೈರ್ಯ ಬೇಕು ಅದಕ್ಕೆ. ತುಂಬಿದ ಮೇಲೆ ಒಂದು ತಳ್ಳು, ಕದ ಬೆಣ್ಣೆ ಥರ ಬಿಚ್ಕೊಳ್ಳುತ್ತೆ. ಕೈಗೆ ಚಿಲಕ ಕೊಟ್ಟಿದ್ದೀನಲ್ಲ ನಾನು. ಇಷ್ಟೆಲ್ಲಾ ಮಾಡ್ಕೊಂಡೋನು ಸುಮ್ನೆ ಸತ್ತ ಅಂದ್ರೆ ಅವನೊಬ್ಬ ಗೂಬೆ. ಇಲ್ಲ, ಬರೆಯೋರು ಗೂಬೆಗಳು."

ಕೆಳಗಿನ ಮನೆಯವರಿಗೂ ಆ ಅಭಿಪ್ರಾಯ ತಲುಪಿತು. ಡಾಗ್ನಿ ತಟ್ಟೆ ತೊಳೆದಳು.

ಶುಕ್ರವಾರ ಮೂರು ಗಂಟೆಗೆ ಅಚ್ಚಿಗೆ ಲೋಹದ ಬ್ಲಾಕ್ ಮಾಡುವವರ ವ್ಯಾನು ಬಂದು ಪುಟಗಳನ್ನು ಒಯ್ಯುತ್ತದೆ. ಕೊನೆಯ ಪುಟ ಅವಳ ಮೇಜಿಗೆ ಬಂದದ್ದು ಎರಡು ದಾಟಿದ ಮೇಲೆ. ರೋಕೊ ಚೆನ್ನಾಗಿಯೇ ಬರೆದಿದ್ದ, ಹಾಳಾದವನು. ಮುಖದಲ್ಲಿ ಜೀವವಿಲ್ಲ, ಕೈ ಕೆಸರಲ್ಲಿ ಚಾಚಿ ಬಿದ್ದಿದೆ. ಕೆಳಗೆ ಬೆನ್ನೊನ ದಪ್ಪ ಅಕ್ಷರ: 'ಬ್ಯಾರನ್ ರಿವೆಟ್ ಇನ್ನಿಲ್ಲ.'

ತಿದ್ದಲು ಒಂದೇ ಒಂದು ತಪ್ಪಿರಲಿಲ್ಲ. ಡಾಗ್ನಿ ಬಿಳಿ ಕುಪ್ಪಿಯ ಮುಚ್ಚಳ ತಿರುಗಿಸಿದಳು.

ಮೊದಲು ಮುಖ ಹೋಯಿತು. ಆಮೇಲೆ ಕೈ. ಬಿಳಿ ಒಣಗುವವರೆಗೆ ಊದಿ, ಮುಖವಾಡದ ಬಿರುಕಿನೊಳಗೆ ಬರೀ ಕತ್ತಲೆ ತುಂಬಿಸಿದಳು. ಕೈಯಿದ್ದ ಜಾಗದಲ್ಲಿ ಕೆಸರು. ಬೆನ್ನಿನ ಅಂಚಿನಲ್ಲಿ ಮೊಟ್ಟೆಯಾಕಾರದ ಕದ ಹಾರು ಹೊಡೆದು ತೆರೆದುಕೊಂಡಿತು. ಒಳಮೈಗೆ ಚಿಲಕ, ಅಪ್ಪ ಬರೆದ ಹಾಗೆಯೇ ವಕ್ರವಾಗಿ. ಮೂವತ್ತು ನಿಮಿಷದ ಕೆಲಸ.

ಬೆನ್ನೊ ಕತ್ತು ಚಾಚಿ ನೋಡಿದ. ನೋಡಿ, ಸ್ಯಾಂಡ್‌ವಿಚ್ ಕೈಯಲ್ಲಿ ಹಿಡಿದು ಗರ್ಫೀನನ ಬಾಗಿಲಿಗೂ ಅವಳ ಮೇಜಿಗೂ ನಡುವೆ ಹೋಗಿ ನಿಂತ. ಅಗಲವಾದ ಮನುಷ್ಯ.

"ನಾನೇನೂ ನೋಡ್ಲಿಲ್ಲ," ಎಂದ. "ಐವತ್ತು ವರ್ಷದಿಂದ ಅಕ್ಷರ ಬರ್ದೂ ಬರ್ದೂ ನನಗೆ ಚಿತ್ರ ಕಾಣೋದೇ ಇಲ್ಲ. ನಿನ್ನ ಕೆಲ್ಸ ಹೋದ್ರೆ ನನ್ನ ಪಕ್ಕ ಯಾವ ಮೂದೇವಿ ಬಂದು ಕೂರ್ತಾಳೋ, ಅದೊಂದೇ ಚಿಂತೆ."

ವ್ಯಾನು ಬಂತು, ಹೋಯಿತು.

ಅಚ್ಚಾಗಿ ಬರಲು ಎರಡು ತಿಂಗಳು. ಆ ಎರಡು ತಿಂಗಳು ಡಾಗ್ನಿ ಹೇಗೆ ಅನ್ನ ತಿಂದಳೋ, ಅವಳಿಗೇ ಗೊತ್ತು. ಕಟ್ಟು ಬಂದ ದಿನ ಗರ್ಫೀನ್ ಮೇಲಿನ ಪ್ರತಿಯನ್ನು ಎಳೆದು, ಕೊನೆಯ ಪುಟ ತಿರುಗಿಸಿ, ನಿಂತಲ್ಲೇ ನಿಂತ. ಆಮೇಲೆ ಅವನು ಕೂಗಿದ್ದನ್ನು ಸಿಗ್ವರ್ಟನೂ ಕೇಳಿಸಿಕೊಳ್ಳಬಹುದಿತ್ತು.

"ಯಾರು ಮಾಡಿದ್ದು ಇದನ್ನ?"

"ಅಚ್ಚಿನ ಮನೆಯೋರು ಇರ್ಬೇಕು," ಎಂದ ಬೆನ್ನೊ.

"ನಾನು," ಎಂದಳು ಡಾಗ್ನಿ.

ಗರ್ಫೀನ್ ಅವಳ ಹತ್ತಿರ ಬಂದು ದನಿ ತಗ್ಗಿಸಿದ, ಅದು ಇನ್ನೂ ಕೆಟ್ಟದ್ದು. "ಐವತ್ತೆರಡರ ತಿದ್ದುಪಡಿ ಮುಗಿಸು. ಬೇರೆಯೋರು ಸಿಕ್ಕೋವರೆಗೆ ಪುಟ ನಿಲ್ಲಿಸೋಕಾಗಲ್ಲ, ಅದಕ್ಕೆ. ಆಮೇಲೆ ನಿನ್ನ ಮುಖ ನನಗೆ ಕಾಣಿಸ್ಕೂಡ್ದು."

ಮನೆಯಲ್ಲಿ ಅವಳು ಹೇಳಲಿಲ್ಲ. ಆ ಚಿತ್ರ ಬರೆಯಲು ಮನಸ್ಸಾಗಲಿಲ್ಲ. ಅಪ್ಪನ ದುಡಿಮೆ ಹೋಗಿತ್ತು, ಈಗ ತನ್ನದೂ. ಇನ್ನು ಯಾವ ಕಂಪನಿ ತಾನೇ ಅಪ್ಪಣೆಯಿಲ್ಲದೆ ಹೆಣ ಅಳಿಸಿದವಳ ಕೈಗೆ ಕುಂಚ ಕೊಟ್ಟೀತು? ಕೆಲಸ ಹೋದರೂ ರಿವೆಟ್ ಬದುಕಿಯಾನು ಎನ್ನುವುದೂ ಖಾತ್ರಿಯಿರಲಿಲ್ಲ. ಮುಂದೆ ಯಾವ ಸಂಚಿಕೆಯಲ್ಲೂ ಅವನ ಮಾತೇ ಎತ್ತದಿದ್ದರೆ ಸತ್ತ ಹಾಗೆಯೇ ಲೆಕ್ಕ. ಮುಂದಿನ ಹದಿನೈದು ದಿನ ಅವಳು ಕುಂಚ ಹಿಡಿದಾಗಲೆಲ್ಲ ಕಣ್ಣು ಗೋಡೆಯ ನಕ್ಷೆಯ ಕಡೆಗೇ ಹೋಗುತ್ತಿತ್ತು.

ಹದಿನಾರನೇ ದಿನ ಅಂಚೆಯವನು ಚೀಲವನ್ನು ಹೊತ್ತು ತರಲಿಲ್ಲ, ಎಳೆದು ತಂದ. ಮರುದಿನ ಎರಡು ಚೀಲ. ಗರ್ಫೀನ್ ಮೊದಮೊದಲು ಮೂಗು ಮುರಿದ, ಆಮೇಲೆ ಕೂತು ಓದಿದ, ಆಮೇಲೆ ಕೋಟು ಬಿಚ್ಚಿ ಓದಿದ. ಟೊಲೀಡೊದ ಒಬ್ಬ ನಲ್ಲಿ ರಿಪೇರಿಯವನು ಬರೆದಿದ್ದ: 'ಚಿಲಕ ಒಳಗಡೆ ಇರುವುದು ಮೂವತ್ತೆಂಟನೇ ಸಂಚಿಕೆಯಲ್ಲೇ ಇದೆ. ಅಂದಮೇಲೆ ತೆಗೆದದ್ದು ಅವನೇ. ನಮ್ಮನ್ನು ಮೂರ್ಖರೆಂದುಕೊಂಡಿರಾ?' ದುಲೂತ್‌ನ ಒಬ್ಬ ಸನ್ಯಾಸಿನಿ, ಗಣಿತದ ಟೀಚರು, ನೀರಿನ ಒತ್ತಡದ ಲೆಕ್ಕ ಮಾಡಿ ಕಳಿಸಿದ್ದಳು. ಜಲಾಂತರ್ಗಾಮಿಯಲ್ಲಿ ದುಡಿದ ಒಬ್ಬ ನಿವೃತ್ತ ನಾವಿಕ ಒಂದೇ ಸಾಲು ಬರೆದಿದ್ದ: 'ಆ ಕದ ಬರೆದವರಿಗೆ ನನ್ನ ಸಲಾಮು.' ಸ್ಕೈವಾರ್ಡನ್ ಗೆದ್ದದ್ದರ ಬಗ್ಗೆ ಬಂದದ್ದು ನಾಲ್ಕು ಕಾಗದ.

ಗರ್ಫೀನ್ ರೋಕೊನನ್ನು ಕರೆದ. "ಸರಿ. ಹೇಗೆ ಹೊರಗೆ ಬಂದ? ಐವತ್ತಮೂರಕ್ಕೆ ಬೇಕು."

ರೋಕೊ ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ. "ನನ್ನ ಕೇಳಿದ್ರೆ? ಆ ಕದ ನಾನು ಒಂದು ದಿನವೂ ಬರ್ದಿಲ್ಲ. ಮೂರು ವರ್ಷದಿಂದ ನಾನು ಬರೆಯೋದು ಬರೀ ಹೊರಗೆರೆ, ಮಿಲ್ಟ್. ಉಕ್ಕೆಲ್ಲ ಅವಳದು. ಮುಂಚೇನೇ ಹೇಳ್ಬೇಕಿತ್ತು. ನಾಚ್ಕೆ ಆಗಿ ಹೇಳ್ಲಿಲ್ಲ."

ಗರ್ಫೀನ್ ಮೂಲೆಗೆ ನಡೆದು ಬಂದ. ಅವಳು ಸೇರಿದ ದಿನದಿಂದ ಅವನು ಆ ಮೂಲೆಗೆ ತಾನಾಗಿ ಬಂದದ್ದು ಎರಡೇ ಸಲ, ಮೊದಲನೆಯದು ಅವತ್ತು ಬೈಯಲು.

"ಹೇಗೆ ಬಂದ ಹೊರಗೆ?"

"ಬಾಯಲ್ಲಿ ಹೇಳೋಕೆ ಬರಲ್ಲ," ಎಂದಳು ಡಾಗ್ನಿ. "ಬರ್ದು ತೋರಿಸ್ತೀನಿ. ಇಪ್ಪತ್ತು ಪುಟ ಬೇಕು. ನಾನೇ ಬರೀಬೇಕು. ಮೊದಲ ಪುಟದ ಚೌಕದಲ್ಲಿ ನನ್ನ ಹೆಸರಿರ್ಬೇಕು."

"ತಿದ್ದೋರ ಹೆಸರು ಹಾಕೋ ಪದ್ಧತಿ ಇಲ್ಲ."

"ತಿದ್ದೋರ ಹೆಸರು ಬೇಡ. ಬರ್ದೋರದ್ದು ಹಾಕಿ."

ಬೆನ್ನೊ ಸ್ಯಾಂಡ್‌ವಿಚ್ ಅಗಿಯುವುದನ್ನು ನಿಲ್ಲಿಸಿದ. ಗರ್ಫೀನ್ ಅಂಚೆ ಚೀಲಗಳ ಕಡೆ ನೋಡಿದ, ಗೋಡೆಯ ನಕ್ಷೆ ನೋಡಿದ, ಹನ್ನೊಂದು ರಿವೆಟ್ಟುಗಳನ್ನು ಎಣಿಸಿದನೋ ಏನೋ.

"ಶುಕ್ರವಾರ ಮೂರು ಗಂಟೆ," ಎಂದ. "ಆ ಕಿಟಕಿ ಪಕ್ಕದ ಮೇಜು ತಗೋ. ಇಲ್ಲಿ ಬೆಳಕಿಲ್ಲ."

ಆ ಇಪ್ಪತ್ತರಲ್ಲಿ ಎಂಟು ಪುಟಗಳಿಗೆ ಮಾತೇ ಇಲ್ಲ. ಒಂದು ಗುಳ್ಳೆಯಿಲ್ಲ, ಧಡ್ ಧಡಾರ್ ಇಲ್ಲ. ಕವಚದೊಳಗೆ ಒಬ್ಬ ಮನುಷ್ಯ, ಮೊಣಕಾಲಿಗೆ ನೀರು. ಅವನು ಬೆರಳ ಗಂಟಿನಿಂದ ಉಕ್ಕಿಗೆ ಮೂರು ಸಲ ಕುಟ್ಟುತ್ತಾನೆ. ಯಾರೂ ಬರುವುದಿಲ್ಲ. ಸೊಂಟಕ್ಕೆ ನೀರು, ಎದೆಗೆ ನೀರು. ಕೈ ಚಿಲಕದ ಮೇಲಿದೆ, ಆದರೆ ತೆಗೆಯುವುದಿಲ್ಲ, ಕಾಯುತ್ತಾನೆ. ಗದ್ದಕ್ಕೆ ನೀರು. ಕಣ್ಣಿಗೆ ನೀರು. ಒಂದು ಇಡೀ ಪುಟ ಬರೀ ಕಪ್ಪು. ತಿರುಗಿಸಿದರೆ ಎರಡು ಪುಟದ ಉದ್ದಕ್ಕೂ ತೆರೆದ ಕದ, ಮೇಲಿನಿಂದ ಇಳಿದ ಹಗಲಿನ ಬೆಳಕು, ಬರಿಮೈಯಲ್ಲಿ ಮೇಲೇರುತ್ತಿರುವ ಮನುಷ್ಯ.

"ಎಂಟು ಪುಟ ಮಾತಿಲ್ದೆ!" ಎಂದು ಬೆನ್ನೊ ಗೊಣಗಿದ. "ನನ್ನ ಹೊಟ್ಟೆ ಮೇಲೆ ಹೊಡೀತೀಯಲ್ಲೇ ತಾಯಿ." ಗೊಣಗುತ್ತಲೇ ಮೊದಲ ಪುಟದ ಚೌಕ ಎಳೆದುಕೊಂಡ. 'ಚಿತ್ರ: ಡಾಗ್ನಿ ಹೋವ್ಲಂಡ್.' ಆ ಒಂದು ಸಾಲಿಗೆ ಅರ್ಧ ಗಂಟೆ ತೆಗೆದುಕೊಂಡ. ಬರೆದು ಮುಗಿಸಿ ತಾನೇ ಊದಿ ಆರಿಸಿದ.

ಅಚ್ಚಾದ ಪುಸ್ತಕವನ್ನು ಅವಳು ಒಂದು ಸೋಮವಾರ ಅಪ್ಪನ ತಟ್ಟೆಯ ಪಕ್ಕ ಇಟ್ಟಳು. ಸಿಗ್ವರ್ಟ್ ಓದಿದ. ಕಪ್ಪು ಪುಟದಲ್ಲಿ ಬಹಳ ಹೊತ್ತು ನಿಂತ. ಮುಚ್ಚಿ, "ಆಲೂಗಡ್ಡೆ ಬೆಂದಿಲ್ಲ," ಎಂದು ಕೂಗಿ ಎದ್ದು ಹೋದ. ಮಂಗಳವಾರವೂ ಏನೂ ಹೇಳಲಿಲ್ಲ, ಬುಧವಾರವೂ ಇಲ್ಲ. ಡಾಗ್ನಿಗೆ ಸಿಟ್ಟು ಬಂತು. ಇಡೀ ದೇಶದಿಂದ ಕಾಗದ ಬರಲಿ, ಈ ಮನುಷ್ಯನಿಂದ ಒಂದು ಮಾತು ಬರಬಾರದೇ ಎಂದು ಒಳಗೊಳಗೇ ಕುದಿದಳು.

ಶನಿವಾರ ಮಧ್ಯಾಹ್ನ ಊಟಕ್ಕೆ ಕರೆಯಲು ಅವಳು ಎಂಟನೇ ಅವೆನ್ಯೂದ ಕಾಫಿ ಅಂಗಡಿಗೆ ಹೋದಳು. ಹಡಗುಕಟ್ಟೆಯ ಹಳೆಯ ಬಾಯ್ಲರಿನವರು ಅಲ್ಲಿ ಸೇರುತ್ತಾರೆ. ಆರು ಜನ, ಆರೂ ಜನ ಕಿವುಡರು. ಹಾಗಾಗಿ ಒಳಗಿನ ಮಾತು ಬೀದಿಯ ತಿರುವಿನಲ್ಲೇ ಕೇಳುತ್ತಿತ್ತು.

"ಓದೋ ಇದನ್ನ! ಕನ್ನಡಕ ಹಾಕ್ಕೊಂಡು ಓದು! ಡಾಗ್ನಿ ಹೋವ್ಲಂಡ್. ಯಾರು? ನನ್ನ ಮಗಳು! ಆ ಬಾಯ್ಲರೊಳಗೆ ನಾನು ಕಾದಿದ್ದು, ನನ್ನ ಹೆಂಡ್ತಿಗೂ ಸರಿಯಾಗಿ ಹೇಳೋಕಾಗಿರ್ಲಿಲ್ಲ ಕಣೋ. ಇವಳು ಬರ್ದಿದ್ದಾಳೆ. ಹಾಗೇ ಇತ್ತು. ಇದೇ ಕತ್ತಲು. ನಾನು ಸೋಮವಾರದಿಂದ ನಿದ್ದೆ ಮಾಡಿಲ್ಲ!"

ಡಾಗ್ನಿ ಅಂಗಡಿಯ ಹೊರಗೆ ಗೋಡೆಗೆ ಒರಗಿ ನಿಂತಳು. ಹಣ್ಣಿನ ಗಾಡಿಯವನು ಅವಳನ್ನು ನೋಡಿದ. ಅಳುತ್ತಿದ್ದಳು, ನಗುತ್ತಲೂ ಇದ್ದಳು, ಮುಚ್ಚಿಕೊಳ್ಳಲಿಲ್ಲ.

"ಒಂಬತ್ತನೇ ಪುಟದ ಭುಜದಲ್ಲಿ ಹತ್ತೇ ರಿವೆಟ್ ಇದೆ!" ಎಂದು ಒಳಗಿನಿಂದ ಇನ್ನೊಂದು ಕೂಗು, ಜೊತೆಗೆ ಪುಟಕ್ಕೆ ಬೆರಳು ಬಡಿದು ತೋರಿಸಿದ ಸದ್ದು.

"ಹನ್ನೊಂದನೇದು ತೋಳಿನ ಅಡಿ ಇದೆ! ಮೂವತ್ತು ವರ್ಷ ಕಟ್ಟೆಯಲ್ಲಿದ್ದು ಅದೂ ಗೊತ್ತಾಗಲ್ವಾ ನಿನಗೆ?"

ಅವಳು ಮುಖ ಒರೆಸಿಕೊಂಡು ಒಳಗೆ ಹೋದಳು. ಅಪ್ಪನ ಬೆನ್ನು ಬಾಗಿಲ ಕಡೆಗಿತ್ತು. ಮೇಜಿನ ಮೇಲೆ ಮೂರು ಸಲ ಕುಟ್ಟಿದಳು. ಸಿಗ್ವರ್ಟ್ ತಿರುಗಿದ, ಅವಳನ್ನು ಕಂಡು ಪುಸ್ತಕವನ್ನು ಮುಚ್ಚಲು ಹೋದ, ಆಮೇಲೆ ಮುಚ್ಚದೆ ಪಕ್ಕದ ಕುರ್ಚಿ ಎಳೆದ.

"ಬಾ ಮಗಳೇ, ಕೂತ್ಕೋ," ಎಂದು ಕೂಗಿದ. "ಇವರಿಗೆ ಆ ಕದ ಹೇಗೆ ತೆಗೀತು ಅಂತ ನೀನೇ ಬರ್ದು ತೋರ್ಸು."